ಸಿ.ಟಿ. ನಾರ್ಮಲ್ ಬಂದಿದೆ: ಬೆನ್ನುನೀರು ತೆಗೆಯಲೇ, ಆಂಜಿಯೋಗ್ರಾಂ ಮಾಡಿಸಲೇ?

ನಿಮ್ಮ ರೋಗಿಯ ಬಗ್ಗೆ ನೀವು ಬರೆದದ್ದು: ನಲವತ್ತೆರಡರ ಗಂಡಸು, ದಿಢೀರ್ ತಲೆನೋವು, ವಾಂತಿ, ತಲೆಯ ಸಿ.ಟಿ. ಸ್ಕ್ಯಾನ್ ನಾರ್ಮಲ್, ಇಂಜೆಕ್ಷನ್‌ಗೆ ನೋವು ಇಳಿದಿದೆ, ಬೆನ್ನಿಗೆ ಸೂಜಿ ಎಂದರೆ ಮನೆಯವರು ಒಪ್ಪುತ್ತಿಲ್ಲ. ತಲೆಯೊಳಗೆ ರಕ್ತ ಸೋರಿದೆಯೇ ಎಂದು ತಿಳಿಯಲು ಬೆನ್ನಿನಿಂದ ದ್ರವ ತೆಗೆದು ನೋಡಲೇ, ರಕ್ತನಾಳಗಳ ಚಿತ್ರ, ಅಂದರೆ ಆಂಜಿಯೋಗ್ರಾಂ, ಮಾಡಿಸಲೇ ಎಂದು ಕೇಳಿದ್ದೀರಿ. ವಯಸ್ಸನ್ನೂ ಗಂಡಸು ಎಂಬುದನ್ನೂ ಬದಲಿಸಿದರೆ ಇದು ನಾನೇ ಬರೆದ ಕೇಸ್ ಷೀಟ್.

ಆಗ ಮೈಸೂರು ರಸ್ತೆಯ ಬದಿಯ ಒಂದು ಆಸ್ಪತ್ರೆಯಲ್ಲಿ ನಾನು ಡ್ಯೂಟಿ ಡಾಕ್ಟರ್. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಾಡುವ ಹೆಂಗಸನ್ನು ಗಂಡ ಆಟೋದಲ್ಲಿ ಕರೆತಂದ. ಪಿತ್ತ ಕೆರಳಿದೆ ಎಂದು ಮನೆಯಲ್ಲಿ ನಿಂಬೆರಸ ಕುಡಿಸಿದ್ದರು. ‘ಎಷ್ಟು ಹೊತ್ತಿನಿಂದ ತಲೆನೋವಮ್ಮ?’ ಎಂದೆ. ‘ಬೆಳಿಗ್ಗೆ ಎದ್ದಾಗಿನಿಂದ ಸಾರ್’ ಎಂದರು. ಎದ್ದದ್ದು ಆರೂವರೆಗೆ, ಸ್ಕ್ಯಾನ್ ಆದದ್ದು ಹತ್ತೂವರೆಗೆ. ನಾಲ್ಕು ಗಂಟೆ. ರಕ್ತ ಕಾಣಲಿಲ್ಲ. ನೋವೂ ಇಳಿದಿತ್ತು. ಮೈಗ್ರೇನ್ ಎಂದು ಬರೆದು ಮನೆಗೆ ಕಳಿಸಿದೆ.

ನನ್ನ ಧೈರ್ಯಕ್ಕೆ ಆಧಾರವಿತ್ತು. 2011ರಲ್ಲಿ ಕೆನಡಾದ ಜೆಫ್ರಿ ಪೆರಿ ಮತ್ತು ಸಂಗಡಿಗರು ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದಿಕೊಂಡಿದ್ದೆ. ಅದರ 3,132 ರೋಗಿಗಳಲ್ಲಿ, ನೋವು ಶುರುವಾದ 6 ಗಂಟೆಯೊಳಗೆ ಸ್ಕ್ಯಾನ್ ಆದವರು 953 ಮಂದಿ. ಅವರಲ್ಲಿ ಸಬ್‌ಅರಾಕ್ನಾಯ್ಡ್ ರಕ್ತಸ್ರಾವ (ಮಿದುಳಿನ ಸುತ್ತ ರಕ್ತ ಸೋರುವುದು) ಆಗಿದ್ದ 121 ಮಂದಿಯೂ ಸಿ.ಟಿ.ಯಲ್ಲೇ ಸಿಕ್ಕಿಬಿದ್ದರು. 6 ಗಂಟೆ ದಾಟಿದವರಲ್ಲಿ ಸಿ.ಟಿ. ಹಿಡಿದದ್ದು ಶೇ 85.7ರಷ್ಟನ್ನು ಮಾತ್ರ. ಮಿದುಳಿನ ಸುತ್ತಲಿನ ದ್ರವ ಹರಿಯುತ್ತಲೇ ಇರುತ್ತದೆ, ಸೋರಿದ ರಕ್ತವನ್ನು ತೆಳುವಾಗಿಸುತ್ತಲೇ ಇರುತ್ತದೆ. ಹೊತ್ತು ಹೋದಷ್ಟೂ ಸಿ.ಟಿ.ಯಲ್ಲಿ ಬೆಳ್ಳಗೆ ಕಾಣುವ ರಕ್ತದ ಬಿಳುಪು ಮಾಸುತ್ತದೆ.

ಮರುದಿನ ರಾತ್ರಿ ಆಕೆಯನ್ನು ಪ್ರಜ್ಞೆ ಇಲ್ಲದೆ ತಂದರು. ಈ ಸಲದ ಸಿ.ಟಿ. ಓದಲು ವೈದ್ಯನೇ ಬೇಕಿರಲಿಲ್ಲ. ಗಂಡ ಹೇಳಿದ್ದು ಆಗ: ಮೊದಲ ದಿನದ ಹಿಂದಿನ ಸಂಜೆ ಐದೂವರೆಗೆ ಕಾವೇರಿ ನೀರು ಬಂದಿತ್ತು, ಸಂಪಿನಿಂದ ಬಿಂದಿಗೆ ಎತ್ತುವಾಗ ಕುತ್ತಿಗೆಯ ಮೇಲೆ ಹೆಂಚು ಬಿದ್ದಂತಾಯಿತು ಎಂದು ಆಕೆ ಅಲ್ಲೇ ಕುಕ್ಕರಿಸಿದ್ದರಂತೆ. ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಮಲಗಿದ್ದರು. ಬೆಳಿಗ್ಗೆ ಎದ್ದಾಗ ನೋವು ಮತ್ತೆ ಬಂದದ್ದರಿಂದ, ಆಕೆಯ ಲೆಕ್ಕದಲ್ಲಿ ಅದು ‘ಬೆಳಗಿನ’ ತಲೆನೋವು.

ನಾಲ್ಕಲ್ಲ, ಹದಿನೇಳು ಗಂಟೆ. ನನ್ನ ತಪ್ಪು ಇದು, ಇದೊಂದೇ. ಸ್ಕ್ಯಾನ್ ಸರಿಯಾಗಿತ್ತು, ಅದನ್ನು ಓದಿದ ರೇಡಿಯಾಲಜಿಸ್ಟ್ ಸರಿ, ಅಧ್ಯಯನವೂ ಸರಿ. ನಾನು ಇಟ್ಟ ಗಡಿಯಾರ ತಪ್ಪು. ‘ಎಷ್ಟು ಹೊತ್ತಿನಿಂದ’ ಎಂದು ಕೇಳಿದರೆ ಜನ ಈಗಿನ ನೋವಿನ ವಯಸ್ಸನ್ನು ಹೇಳುತ್ತಾರೆ, ಮೊದಲ ಹೊಡೆತದ್ದನ್ನಲ್ಲ. ‘ನೋವು ಬಡಿದ ಗಳಿಗೆಯಲ್ಲಿ ಕೈಯಲ್ಲಿ ಏನಿತ್ತು?’ ಎಂದಿದ್ದರೆ ‘ಬಿಂದಿಗೆ’ ಎನ್ನುತ್ತಿದ್ದರು. ಬೆಳಗಿನ ಆರೂವರೆಗೆ ಹಾಸಿಗೆಯಲ್ಲಿ ಯಾರ ಕೈಯಲ್ಲಿ ಬಿಂದಿಗೆ ಇರುತ್ತದೆ? ಗಂಡನನ್ನು ಕೇಳಿದ್ದರೂ ಆಗುತ್ತಿತ್ತು. ಆತನನ್ನು ಬಿಲ್ ಕೌಂಟರಿಗೆ ಕಳಿಸಿದವನೂ ನಾನೇ. ನೋವು ಇಳಿದದ್ದಂತೂ ಏನನ್ನೂ ಹೇಳುವುದಿಲ್ಲ. ರಕ್ತ ಸೋರಿದ ತಲೆನೋವೂ ಇಂಜೆಕ್ಷನ್‌ಗೆ ಇಳಿಯುತ್ತದೆ.

ನಿಮ್ಹಾನ್ಸ್‌ಗೆ ಕಳಿಸಿದೆವು. ಒಡೆದದ್ದು ಅನ್ಯೂರಿಸಂ, ರಕ್ತನಾಳದ ಗೋಡೆ ತೆಳುವಾಗಿ ಉಬ್ಬಿದ ಗುಳ್ಳೆ. ಜೀವ ಉಳಿಯಿತು, ಬಲಗೈ ಹಿಡಿತಕ್ಕೆ ಬರಲಿಲ್ಲ. ಹೊಲಿಗೆಯವರಿಗೆ ಬಲಗೈ.

ಆದ್ದರಿಂದ ನಿಮ್ಮ ‘ಅದೋ ಇದೋ’ ನನಗೆ ಒಪ್ಪಿಗೆಯಿಲ್ಲ. ಎಲ್ಲ ಬರೆದಿದ್ದೀರಿ, ಗಂಟೆಯೊಂದನ್ನು ಬಿಟ್ಟು. ಮೊದಲು ಹೋಗಿ ಆ ಗಳಿಗೆಯಲ್ಲಿ ಜೊತೆಗಿದ್ದವರನ್ನು ಕೇಳಿ. ಈ ಊರಿನಲ್ಲಿ ಮೊದಲು ಮಾತ್ರೆ, ಆಮೇಲೆ ಬೀದಿಯ ಕ್ಲಿನಿಕ್, ಆಮೇಲೆ ಟ್ರಾಫಿಕ್. ಆರು ಗಂಟೆಯೊಳಗೆ ನಮ್ಮ ಬಾಗಿಲಿಗೆ ಬರುವವರು ಪುಣ್ಯವಂತರು. ಆರರೊಳಗೆ ಒಳ್ಳೆಯ ಯಂತ್ರದಲ್ಲಿ ಸ್ಕ್ಯಾನ್ ಆಗಿ, ನುರಿತವರು ಓದಿ, ನರಪರೀಕ್ಷೆಯೂ ಸರಿಯಿದ್ದರೆ ಸೂಜಿ ಬೇಡ. ದಾಟಿದ್ದರೆ ನಾನು ಬೆನ್ನುನೀರನ್ನೇ ತೆಗೆಯುತ್ತೇನೆ, ನೋವು ಬಡಿದು 12 ಗಂಟೆ ಕಳೆದ ಮೇಲೆ: ರಕ್ತಕಣ ಒಡೆದು ದ್ರವ ಹಳದಿಯಾಗಲು ಅಷ್ಟು ಹೊತ್ತು ಬೇಕು. ಅಲ್ಲಿಯವರೆಗೆ ಅವರು ನಿಮ್ಮ ಕಣ್ಣೆದುರೇ ಇರಲಿ. ಆಂಜಿಯೋಗ್ರಾಂ ಸುಲಭ, ನಿಜ. ಆದರೆ ನೂರರಲ್ಲಿ ಎರಡು-ಮೂರು ಮಂದಿಯ ತಲೆಯಲ್ಲಿ ಒಡೆಯದ ಅನ್ಯೂರಿಸಂ ಸುಮ್ಮನೆ ಕೂತಿರುತ್ತದೆ. ಅದು ಕಂಡರೆ, ಸೋರಿದ್ದು ಅದೇನಾ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಮನೆಯವರ ಭಯ ಲಕ್ವದ್ದು. ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ, ಸೊಂಟದ ಮಟ್ಟದಲ್ಲಿ, ಸೂಜಿ ಹಾಕುತ್ತೇವೆ ಎಂದರೆ ನಂಬುವುದಿಲ್ಲ. ‘ಸಿಸೇರಿಯನ್‌ಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರಲ್ಲ, ಅದೇ ಜಾಗ’ ಎನ್ನಿ. ಗುಂಪಿನಲ್ಲಿ ಒಬ್ಬ ಅತ್ತಿಗೆಯೋ ಅಕ್ಕನೋ ಇದ್ದೇ ಇರುತ್ತಾರೆ, ‘ನನಗೂ ಕೊಟ್ಟಿದ್ದರು, ಏನೂ ಆಗಲಿಲ್ಲ’ ಎನ್ನುತ್ತಾರೆ. ಸಹಿ ಹಾಕಿಸುವವರು ಅವರೇ.