ಮಾರ್ಚ್ ರಜೆಗೆ ಎಲ್ಲಿಗೆ ಹೋಗೋಣ ಅಂತ ಕೇಳಿದ್ದೀರಲ್ಲ

ನಿಮ್ಮ ಪ್ರಶ್ನೆ ಓದಿದೆ. ಆಗಸ್ಟ್‌ನಲ್ಲಿ ಅಮೆರಿಕಕ್ಕೆ, ಟೆಕ್ಸಸ್‌ನ ಡಲ್ಲಾಸ್ ಪಕ್ಕದ ಪ್ಲೇನೋಗೆ ಬಂದಿದ್ದೀರಿ. ಮಗಳು ನಾಲ್ಕನೇ ಕ್ಲಾಸು, ಮಗನಿಗೆ 3 ವರ್ಷ. ಮಾರ್ಚ್‌ನಲ್ಲಿ ಒಂದು ವಾರ ಸ್ಪ್ರಿಂಗ್ ಬ್ರೇಕ್ ರಜೆ. ಯಜಮಾನರ ಆಫೀಸಿನವರು ಫ್ಲೋರಿಡಾದ ಒರ್ಲಾಂಡೋ ಅಥವಾ ಮೆಕ್ಸಿಕೋದ ಕಡಲತೀರದ ಕ್ಯಾನ್‌ಕುನ್‌ಗೆ ಹೋಗಿ ಅನ್ನುತ್ತಿದ್ದಾರೆ, ಖರ್ಚು ನೋಡಿದರೆ ಎದೆ ಧಸಕ್ ಅನ್ನುತ್ತದೆ, ಏನು ಮಾಡಲಿ ಅಕ್ಕಾ ಅಂತ ಕೇಳಿದ್ದೀರಿ. ಅಕ್ಕ ಅಂದಿರಲ್ಲ, ಸ್ವಲ್ಪ ಸಲುಗೆಯಿಂದಲೇ ಹೇಳುತ್ತೇನೆ.

ನಾವು ಹಾಸನದಿಂದ ಇಲ್ಲಿಗೆ ಬಂದು 16 ವರ್ಷ ಆಯಿತು. ಮೊದಲ ವರ್ಷ ಮಾರ್ಚ್‌ನಲ್ಲಿ ಟೂರ್ ಹೋಗುತ್ತೇವೆ ಅಂದಾಗ ಅಮ್ಮ ಫೋನಿನಲ್ಲೇ ಬೈದರು. "ಪರೀಕ್ಷೆ ಹೊತ್ತಲ್ಲಿ ಎಂಥ ತಿರುಗಾಟವೇ?" ಅವರ ಪ್ರಕಾರ ರಜೆ ಅಂದರೆ ಏಪ್ರಿಲ್, ಮೇ, ಅಜ್ಜಿ ಮನೆ. ಇಲ್ಲಿ ಮಾರ್ಚ್ ನಡುವೆ ಟೆಕ್ಸಸ್ ಶಾಲೆಗಳಿಗೆ ಹೆಚ್ಚುಕಡಿಮೆ ಒಟ್ಟಿಗೇ ರಜೆ ಬರುತ್ತದೆ. ಎಲ್ಲರೂ ಒಂದೇ ವಾರ ಹೊರಡುತ್ತಾರೆ. ವಿಮಾನ, ಹೋಟೆಲ್ ಎಲ್ಲದರ ರೇಟೂ ಏರುವುದು ಅದಕ್ಕೇ. ಆದರೆ ವಾರ ಯಾವುದು ಅಂತ ಪ್ರತಿ ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಮಂಡಳಿ, ತಾನೇ ಗೊತ್ತು ಮಾಡುತ್ತದೆ. ಪಕ್ಕದ ಊರಿನ ಗೆಳತಿ ಹೇಳಿದಳು ಅಂತ ಬುಕ್ ಮಾಡಬೇಡಿ. ನಿಮ್ಮ ಡಿಸ್ಟ್ರಿಕ್ಟ್‌ನ ಕ್ಯಾಲೆಂಡರ್ ನೋಡಿಕೊಳ್ಳಿ.

ಒರ್ಲಾಂಡೋ ಬೇಡ ಅಂತ ನಾನು ಹೇಳುವುದು ಅನುಭವದಿಂದ. ಎರಡನೇ ವರ್ಷ ನಾವೂ ಅಲ್ಲಿನ ಒಂದು ಥೀಮ್ ಪಾರ್ಕಿಗೆ ಇದೇ ವಾರ ಹೋದೆವು. ಒಂದೊಂದು ರೈಡಿಗೂ ಎರಡು ಗಂಟೆ ಕ್ಯೂ. ಕೊನೆಗೆ ನಮ್ಮ ಸರದಿ ಬಂದಾಗ ಮಗನ ಎತ್ತರ ಸಾಲದು ಅಂದರು. ಎತ್ತರದ ಲೆಕ್ಕ ಮೊದಲೇ ನೋಡದೆ ಹೋಗಿದ್ದು ನಮ್ಮದೇ ತಪ್ಪು ಬಿಡಿ. 3 ವರ್ಷದ ಮಗುವಿಗೆ ಅಲ್ಲಿ ಕಾಯುವುದೇ ಕೆಲಸ. ಇನ್ನು ಕ್ಯಾನ್‌ಕುನ್. ನಿಮ್ಮ ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಮೆಕ್ಸಿಕೋಗೆ ಬೇರೆ ವೀಸಾ ಬೇಕಿಲ್ಲ, ನಿಜ. ಆದರೆ ಬಂದು ವರ್ಷ ತುಂಬುವ ಮೊದಲೇ ಗಡಿ ದಾಟಿ ಮತ್ತೆ ಇಮಿಗ್ರೇಷನ್ ಸಾಲಿನಲ್ಲಿ ನಿಲ್ಲುವ ಉಸಾಬರಿ ಯಾಕೆ? ಕಡಲು ಎಲ್ಲಿಗೂ ಓಡಿಹೋಗುವುದಿಲ್ಲ.

ನನ್ನನ್ನು ಕೇಳಿದರೆ ಕಾರು ಹತ್ತಿ, ಪಶ್ಚಿಮಕ್ಕೆ ಹೋಗಿ. ನ್ಯೂ ಮೆಕ್ಸಿಕೋದ ಕಾರ್ಲ್ಸ್‌ಬಾಡ್ ಗುಹೆ, ಆಮೇಲೆ ವೈಟ್ ಸ್ಯಾಂಡ್ಸ್. ಎರಡೂ ನ್ಯಾಷನಲ್ ಪಾರ್ಕ್. ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಇಲ್ಲಿ ಒಂದು ಪಾಸ್ ಉಂಟು, 'ಎವ್ರಿ ಕಿಡ್ ಔಟ್‌ಡೋರ್ಸ್' ಅಂತ. ಆ ಒಂದು ವರ್ಷ ಮಗುವಿಗೂ ಜೊತೆಗಿರುವ ಮನೆಯವರಿಗೂ ಪಾರ್ಕಿನ ಪ್ರವೇಶ ಪುಕ್ಕಟೆ. ನಿಮ್ಮ ಮಗಳಿಗೆ ಈ ವರ್ಷವೇ ಸಿಗುವುದು, ಐದನೇ ಕ್ಲಾಸಿಗೆ ಹೋದರೆ ಮುಗಿಯಿತು. ವೆಬ್‌ಸೈಟಿನಲ್ಲಿ ಮಗಳ ಕೈಯಲ್ಲೇ ಮಾಡಿಸಿ, ಪ್ರಿಂಟ್ ತೆಗೆದು ಕಾರಿನಲ್ಲಿಡಿ.

ಡಲ್ಲಾಸಿನಿಂದ ಕಾರ್ಲ್ಸ್‌ಬಾಡ್‌ಗೆ ಎಂಟು ಗಂಟೆಯ ದಾರಿ. ಚಿಕ್ಕವನು ಇರುವುದರಿಂದ ಹತ್ತು ಅಂತಲೇ ಇಟ್ಟುಕೊಳ್ಳಿ. ಅಬಿಲೀನ್ ದಾಟಿದ ಮೇಲೆ ಬಯಲೋ ಬಯಲು. ಎಣ್ಣೆ ಬಾವಿಗಳ ಪಂಪುಗಳು ಹಳೇ ಕಾಲದ ಏತದ ಹಾಗೆ ತಲೆ ಎತ್ತಿ ಇಳಿಸುತ್ತಿರುತ್ತವೆ. ಮಕ್ಕಳಿಗೆ ಎಣಿಸುವ ಆಟ ಕೊಟ್ಟರೆ ಒಂದು ಗಂಟೆ ಕಳೆಯುತ್ತದೆ. ಮಿಡ್‌ಲ್ಯಾಂಡ್ ಬಿಡುವ ಮುಂಚೆ ಪೆಟ್ರೋಲ್ ತುಂಬಿಸಿ, ಮುಂದೆ ಬಂಕುಗಳು ದೂರ ದೂರ. ನ್ಯೂ ಮೆಕ್ಸಿಕೋ ಗಡಿ ದಾಟಿದರೆ ಗಡಿಯಾರ ಒಂದು ಗಂಟೆ ಹಿಂದಕ್ಕೆ.

ಗುಹೆಗೆ ಒಳಗೆ ಹೋಗುವ ಸಮಯವನ್ನು ಮುಂಚೆಯೇ ಕಾದಿರಿಸಬೇಕು. ಸ್ಪ್ರಿಂಗ್ ಬ್ರೇಕ್ ವಾರದ್ದು ಬೇಗ ಖಾಲಿಯಾಗುತ್ತದೆ. ನಡೆದು ಇಳಿಯುವ ದಾರಿ ಕಡಿದು, ನೀವು ಲಿಫ್ಟ್ ಹಿಡಿಯಿರಿ. 750 ಅಡಿ ಕೆಳಗೆ ಬಿಡುತ್ತದೆ. ಒಳಗೆ ವರ್ಷವಿಡೀ 13 ಡಿಗ್ರಿ ಚಳಿ, ಸ್ವೆಟರ್ ಇರಲಿ. ಸ್ಟ್ರಾಲರ್ ಬಿಡುವುದಿಲ್ಲ. ಮಗನನ್ನು ಹೊರುವ ಪಾಳಿ ಗಂಡ ಹೆಂಡತಿ ಮನೆಯಲ್ಲೇ ಮಾತಾಡಿಕೊಂಡು ಹೊರಡಿ. ಸಂಜೆ ಬಾವಲಿಗಳು ಹಿಂಡು ಹಿಂಡಾಗಿ ಹಾರುವ ವಿಡಿಯೋ ಮಗಳು ನೋಡಿರುತ್ತಾಳೆ. ಮಾರ್ಚ್‌ನಲ್ಲಿ ಅವು ಇನ್ನೂ ಮೆಕ್ಸಿಕೋದಿಂದ ವಾಪಸ್ ಬಂದಿರುವುದಿಲ್ಲ. ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ನಮ್ಮ ಮಗಳ ಹಾಗೆ ಮುಖ ಊದಿಸಿಕೊಂಡು ಕೂರುತ್ತಾಳೆ.

ಅಲ್ಲಿಂದ ಆರ್ಟೀಸಿಯಾ ಮೇಲೆ ಕ್ಲೌಡ್‌ಕ್ರಾಫ್ಟ್ ಘಾಟಿ ಹತ್ತಿ. 8,600 ಅಡಿ, ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ. ಮಾರ್ಚ್‌ನಲ್ಲೂ ಹಿಮ ಇರಬಹುದು, ಹೊರಡುವ ದಿನ ರಸ್ತೆ ವಿಚಾರಿಸಿ. ಇಳಿಯುವಾಗ ದೂರದಲ್ಲಿ ಬಯಲಿನ ಮೇಲೆ ಸುಣ್ಣ ಬಳಿದ ಹಾಗೆ ಒಂದು ಬಿಳಿ ಗೆರೆ ಕಾಣುತ್ತದೆ. ಅದೇ ವೈಟ್ ಸ್ಯಾಂಡ್ಸ್. ಆ ಮರಳೆಲ್ಲ ಜಿಪ್ಸಮ್. ಊರಲ್ಲಿ ಮನೆಗೆ ಪಿಒಪಿ ಸೀಲಿಂಗ್ ಮಾಡಿಸುತ್ತಾರಲ್ಲ, ಆ ಪುಡಿಗೆ ಮೂಲ ಇದೇ. ಬಿಸಿಲಲ್ಲೂ ಕಾಲಿಗೆ ತಣ್ಣಗೆ. ದಿಬ್ಬದ ತುದಿಯಿಂದ ಪ್ಲಾಸ್ಟಿಕ್ ತಟ್ಟೆಯ ಮೇಲೆ ಕೂತು ಜಾರುವುದೇ ಆಟ. ನಮ್ಮ ಯಜಮಾನರು, ಆಗ 41 ವರ್ಷ, ಮಕ್ಕಳಿಗಿಂತ ಜಾಸ್ತಿ ಸಲ ಜಾರಿದರು. ಕಿವಿಯೊಳಗಿನ ಮರಳು ಡಲ್ಲಾಸಿಗೆ ಬಂದ ಮೇಲೂ ಬರುತ್ತಿತ್ತು. ದಿಬ್ಬಗಳ ನಡುವೆ ನೀರು ಸಿಗುವುದಿಲ್ಲ, ಕ್ಯಾನ್ ತುಂಬಿಸಿಕೊಳ್ಳಿ. ಮಾರ್ಚ್‌ನಲ್ಲಿ ಗಾಳಿ ಜೋರು, ಬೆಳಿಗ್ಗೆಯೇ ಹೋಗುವುದು ಮೇಲು. ಪಕ್ಕದಲ್ಲೇ ಕ್ಷಿಪಣಿ ಪರೀಕ್ಷೆಯ ಜಾಗ ಇದೆ. ಪರೀಕ್ಷೆ ಇದ್ದ ದಿನ ಕೆಲವು ಗಂಟೆ ರಸ್ತೆ ಮುಚ್ಚುತ್ತಾರೆ, ಹಿಂದಿನ ದಿನ ಪಾರ್ಕಿನ ವೆಬ್‌ಸೈಟ್ ನೋಡಿ.

ಈಗ ಮುಖ್ಯ ಮಾತು. ದೇಶದ ಒಳಗೇ ತಿರುಗುತ್ತೇವೆ ಅಂತ ಪಾಸ್‌ಪೋರ್ಟ್ ಮನೆಯಲ್ಲಿ ಬಿಟ್ಟು ಹೋಗಬೇಡಿ. ವೈಟ್ ಸ್ಯಾಂಡ್ಸ್‌ನಿಂದ ಲಾಸ್ ಕ್ರೂಸಸ್ ಕಡೆ ಹೊರಟರೆ ನಡುದಾರಿಯಲ್ಲಿ ಗಡಿ ಕಾವಲಿನವರ (ಬಾರ್ಡರ್ ಪ್ಯಾಟ್ರೋಲ್) ಚೆಕ್‌ಪೋಸ್ಟ್ ಇದೆ. ಟೆಕ್ಸಸ್ ಪಶ್ಚಿಮದ ಹೆದ್ದಾರಿಗಳಲ್ಲೂ ಇವೆ. ಮೊದಲ ಸಲ ನಮ್ಮನ್ನು ನಿಲ್ಲಿಸಿ "ನೀವು ಅಮೆರಿಕದ ಪ್ರಜೆಗಳಾ?" ಅಂತ ಕೇಳಿದಾಗ ಪಾಸ್‌ಪೋರ್ಟ್ ಇದ್ದದ್ದು ಡಿಕ್ಕಿಯಲ್ಲಿ, ಅವಲಕ್ಕಿ ಡಬ್ಬಿ, ಕುಕ್ಕರ್ ಎಲ್ಲದರ ಅಡಿಯಲ್ಲಿ. ಯಜಮಾನರು ಒಂದೊಂದೇ ಇಳಿಸಿ ಹುಡುಕುವಾಗ ನನ್ನ ಕೈಕಾಲು ತಣ್ಣಗಾಗಿತ್ತು. ಆಫೀಸರ್ ಏನೂ ಅನ್ನಲಿಲ್ಲ, ನೋಡಿ ಕಳಿಸಿದರು. ಅಂದಿನಿಂದ ನಾಲ್ಕೂ ಜನರ ಪಾಸ್‌ಪೋರ್ಟ್, ಐ-94 (ದೇಶಕ್ಕೆ ಬಂದ ದಾಖಲೆ), ಐ-797 (ಇಮಿಗ್ರೇಷನ್‌ನವರ ಒಪ್ಪಿಗೆ ಪತ್ರ) ಒಂದೇ ಕವರಿನಲ್ಲಿ ನನ್ನ ಬ್ಯಾಗಿನೊಳಗೆ. 18 ತುಂಬಿದವರು ದಾಖಲೆ ಜೊತೆಗಿಟ್ಟುಕೊಳ್ಳಬೇಕು ಅನ್ನುವುದು ಇಲ್ಲಿನ ಕಾನೂನೇ.

ಊಟಕ್ಕೆ ಚಿಕ್ಕ ಕುಕ್ಕರ್, ಪುಳಿಯೋಗರೆ ಪುಡಿ, ಚಟ್ನಿಪುಡಿ, ಎರಡು ದಿನದ ಚಪಾತಿ ಸಾಕು. ಒಲೆ ಇರುವ ರೂಮೇ ನೋಡಿ. ಹೊರಗೆ ತಿನ್ನುವಾಗ ಬೀನ್ಸ್ ಬುರಿಟೋ ಸಸ್ಯಾಹಾರ ಅಂತ ಕಣ್ಣುಮುಚ್ಚಿ ತಿನ್ನಬೇಡಿ. ಬೀನ್ಸನ್ನು ಹಂದಿ ಕೊಬ್ಬಿನಲ್ಲಿ ಹುರಿಯುವುದುಂಟು, ಕೇಳಿ ತಗೊಳ್ಳಿ. ಅಲ್ಲಿನ ಸುಟ್ಟ ಹಸಿಮೆಣಸಿನಕಾಯಿ ಮಾತ್ರ ಬಿಡಬೇಡಿ.

ವಾಪಸ್ ಬರುವಾಗ ಒಂದೇ ದಿನದಲ್ಲಿ ಓಡಿಸುವ ಹಟ ಬೇಡ. ಮಿಡ್‌ಲ್ಯಾಂಡ್ ಅಥವಾ ಅಬಿಲೀನ್‌ನಲ್ಲಿ ಒಂದು ರಾತ್ರಿ ತಂಗಿ. ಚಿಕ್ಕವನು ಅಷ್ಟು ಹೊತ್ತು ಕೂರುವುದೇ ಇಲ್ಲ ಅಂದರೆ ಸುಮ್ನೆ ಸ್ಯಾನ್ ಆಂಟೋನಿಯೋಗೆ ಹೋಗಿ, ಐದು ಗಂಟೆಯೊಳಗೆ ಮುಟ್ಟುತ್ತೀರಿ. ಯಾವುದೇ ಆಗಲಿ, ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬರುವಂಥ ಹೋಟೆಲ್ ಬುಕಿಂಗ್ ಈ ವಾರವೇ ಮಾಡಿಡಿ. ಆ ವಾರ ಯಾವ ಮಗುವಿಗೆ ಜ್ವರ ಬರುತ್ತದೋ ಯಾರಿಗೆ ಗೊತ್ತು.

ಜಾರುವ ತಟ್ಟೆಗಳು ಪಾರ್ಕಿನ ಅಂಗಡಿಯಲ್ಲಿ ಸಿಗುತ್ತವೆ. ಆದರೆ ದುಡ್ಡು ಹಾಕಬೇಡಿ. ನಮ್ಮವು ಎರಡು ಗ್ಯಾರೇಜಿನಲ್ಲಿ ಸುಮ್ಮನೆ ಬಿದ್ದಿವೆ, ಒಂದರ ಅಂಚು ಸ್ವಲ್ಪ ಸೀಳಿದೆ ಅಷ್ಟೇ. ಒಂದು ಶನಿವಾರ ಮಕ್ಕಳನ್ನು ಕರೆದುಕೊಂಡು ಬನ್ನಿ, ತಗೊಂಡು ಹೋಗುವಿರಂತೆ.