30,000ಕ್ಕೆ ನಿಂತ ಫೈಲು

ಕಿರಣ್ ಎಂದು ಕರೆಯೋಣ. ಹೆಸರು, ಗುರುತು ಬದಲಿಸಿದ್ದೇನೆ. ವಯಸ್ಸು 27, ಬೆಂಗಳೂರಿನಲ್ಲಿ ಎಂಐಎಸ್ ಕೆಲಸ, ಅಂದರೆ ಕಂಪನಿಯ ಅಂಕಿಅಂಶದ ವರದಿ ತಯಾರಿಸುವುದು. ದಿನಾ ಬೆಳಿಗ್ಗೆ ಪವರ್ ಬಿಐ ಎಂಬ ವರದಿ ಸಾಫ್ಟ್‌ವೇರಿನ ಡ್ಯಾಶ್‌ಬೋರ್ಡ್ ತೆರೆದು, ಮಾರಾಟದ ಟೇಬಲ್ ಎಕ್ಸ್‌ಪೋರ್ಟ್ ಮಾಡಿ, ಮ್ಯಾನೇಜರ್‌ಗೆ ಮೇಲ್ ಹಾಕಬೇಕು. ಐದು ನಿಮಿಷದ ಕೆಲಸ. ಕೌನ್ಸೆಲಿಂಗ್‌ಗೆ ನನ್ನ ಹತ್ತಿರ ಬಂದಾಗ ಅದಕ್ಕೆ ಎರಡೂವರೆ ಗಂಟೆ ಹಿಡಿಯುತ್ತಿತ್ತು. ಸಾಲದ್ದಕ್ಕೆ ರಾತ್ರಿ ಮೂರಕ್ಕೆ ಎಚ್ಚರವಾಗಿ, ಆಗಲೇ ಕಳಿಸಿದ ಫೈಲನ್ನು ಮತ್ತೆ ತೆರೆದು ನೋಡುತ್ತಿದ್ದರು.

"ನಂಗೆ ಗಮನ ಕಮ್ಮಿ ಮೇಡಂ. ಅಪ್ಪ ಚಿಕ್ಕಂದಿನಿಂದ ಅದನ್ನೇ ಹೇಳ್ತಿದ್ರು."

ಎರಡು ತಿಂಗಳ ಹಿಂದೆ ರಿವ್ಯೂ ಮೀಟಿಂಗ್‌ನಲ್ಲಿ ತುಮಕೂರು, ವಿಜಯಪುರ ಶಾಖೆಗಳೇ ಫೈಲಿನಲ್ಲಿ ಇರಲಿಲ್ಲ. "ಈ ಊರುಗಳು ಕರ್ನಾಟಕ ಬಿಟ್ಟು ಹೋದ್ವೇನ್ರೀ?" ಅಂದರಂತೆ ಮ್ಯಾನೇಜರ್. ಹದಿನೈದು ಜನ ನಕ್ಕರು.

ಆ ಫೈಲಿನಲ್ಲಿ ಎಷ್ಟು ಸಾಲು ಇತ್ತು ಅಂತ ಕೇಳಿದೆ. ನನ್ನ ಪ್ಯಾಡಿನ ಮೂಲೆಯಲ್ಲಿ ಬರೆದು ತೋರಿಸಿದರು: 30,000. ಎಕ್ಸೆಲ್ ಅಂದರೆ ನನಗೆ ಚೀಟಿ ದುಡ್ಡಿನ ಲೆಕ್ಕ, ಅಷ್ಟೇ. ಆದರೂ ಕೇಳಿದೆ, "ಒಂದು ಸಾಲೂ ಹೆಚ್ಚುಕಮ್ಮಿ ಇಲ್ದೆ ಅಳೆದಿಟ್ಟ ಹಾಗಿದೆಯಲ್ಲ, ಗಮನ ತಪ್ಪಿದರೆ ಹೀಗಾಗುತ್ತಾ?"

ಆಗ ವಿವರಿಸಿದರು. ಪವರ್ ಬಿಐನಿಂದ ಸಿಎಸ್‌ವಿ (ಬರೀ ಅಕ್ಷರ, ಅಂಕಿ ಇರುವ ಸರಳ ಫೈಲು) ಆಗಿ ಇಳಿಸಿದರೆ 30,000 ಸಾಲಿಗೆ ಕಟ್ಟಾಗುತ್ತದೆ, ಎಕ್ಸೆಲ್ ಆದರೆ 1,50,000ಕ್ಕೆ. ಅವರ ಟೇಬಲ್ ಆ ತಿಂಗಳು 41,862 ಸಾಲಿಗೆ ಬೆಳೆದಿತ್ತು. ಶಾಖೆಗಳು ಇಂಗ್ಲಿಷ್ ಅಕ್ಷರಕ್ರಮದಲ್ಲಿದ್ದವು, ಕೊನೆಯ ಊರುಗಳು ಉದುರಿಹೋದವು. ಕೆಲಸ ಹಸ್ತಾಂತರ ಮಾಡಿದವರು ಈ ಮಿತಿಯ ಬಗ್ಗೆ ಹೇಳಿರಲಿಲ್ಲ. ಇದೆಲ್ಲ ಕಿರಣ್‌ಗೆ ಮರುವಾರವೇ ಗೊತ್ತಾಗಿತ್ತು. ಈಗ ಎಕ್ಸೆಲ್‌ನಲ್ಲೇ ಇಳಿಸುತ್ತಾರೆ.

"ಮತ್ತೆ ಭಯ ಯಾಕೆ?"

"ಗೊತ್ತಿಲ್ಲದ ಇನ್ನೊಂದು ಮಿತಿ ಎಲ್ಲೋ ಇದ್ರೆ?"

ಕಾರಣ ಗೊತ್ತಾದರೆ ಭಯ ಹೋಗುತ್ತದೆ ಎಂದುಕೊಳ್ಳುತ್ತೇವೆ. ಇಲ್ಲಿ ಹೋಗಿರಲಿಲ್ಲ. ಅವರು ಹುಡುಕುತ್ತಿದ್ದದ್ದು ಸಾಲುಗಳನ್ನಲ್ಲ, ಆ ನಗು ಮತ್ತೆ ಕೇಳಿಸುವುದಿಲ್ಲ ಅನ್ನೋ ಖಾತ್ರಿಯನ್ನು. ಅದು ಯಾವ ಫೈಲಿನಲ್ಲೂ ಸಿಗಲ್ಲ. ಪ್ರತಿ ಸಲ ನೋಡಿದಾಗ ಎದೆ ಸ್ವಲ್ಪ ಹಗುರವಾಗುತ್ತದೆ, ಅರ್ಧ ಗಂಟೆಗೆ ಮತ್ತೆ ಭಾರ. ಆ ಹಗುರಕ್ಕಾಗಿಯೇ ಕೈ ಮತ್ತೆ ಲ್ಯಾಪ್‌ಟಾಪಿಗೆ ಹೋಗುತ್ತದೆ.

ಹಾಗಾಗಿ "ಚೆಕ್ ಮಾಡಬೇಡಿ" ಎನ್ನಲಿಲ್ಲ. ಎರಡೇ ಚೆಕ್ ಅಂದೆ. ಯಾವ ಎರಡು ಅಂತ ಅವರೇ ಆರಿಸಿದರು: ಎರಡೂ ಕಡೆ ಅದೇ ಫಿಲ್ಟರ್ ಇಟ್ಟು, ಫೈಲಿನ ಸಾಲುಗಳ ಸಂಖ್ಯೆ ಮತ್ತು ಒಟ್ಟು ಮೊತ್ತ ಡ್ಯಾಶ್‌ಬೋರ್ಡಿಗೆ ತಾಳೆಯಾಗುತ್ತದಾ ಅಂತ. ಎರಡನ್ನೂ ಚೀಟಿಯಲ್ಲಿ ಬರೆದು, ಸಮಯ ಹಾಕಿ, ಫೈಲ್ ಮುಚ್ಚಬೇಕು. ರಾತ್ರಿ ಎಚ್ಚರವಾದರೆ ಲ್ಯಾಪ್‌ಟಾಪ್ ಬೇಡ, ಚೀಟಿಯೂ ಬೇಡ. ಹದಿನೈದು ನಿಮಿಷ ಆ ಡವಡವವನ್ನು ಹಾಗೇ ಬಿಡಬೇಕು. ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು ಅಂದೆ. ಆರು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ನೋಡೋಣ ಎಂದೂ ಒಪ್ಪಿಸಿದೆ.

ಮ್ಯಾನೇಜರ್ ಜೊತೆ ಮಾತಾಡುವುದೇ ಜಾಸ್ತಿ ಕಷ್ಟವಾಯಿತು. ಅಭ್ಯಾಸಕ್ಕೆಂದು ನಾನೇ ಮ್ಯಾನೇಜರ್ ಆಗಿ ಕೂತೆ. ಕಿರಣ್‌ರ ಮೊದಲ ನಾಲ್ಕು ವಾಕ್ಯದಲ್ಲಿ ಮೂರು "ಸಾರಿ ಸಾರ್". ಒಂದೊಂದೇ ತೆಗೆಸಿದೆ. ಕೊನೆಗೆ ಉಳಿದದ್ದು: "ಸಾರ್, ಆವತ್ತು ಸಿಎಸ್‌ವಿ ಮಿತಿಯಿಂದ 11,862 ಸಾಲು ಬಿಟ್ಟುಹೋಗಿತ್ತು. ಈಗ ಸರಿ ಮಾಡಿದ್ದೀನಿ. ಪೂರ್ತಿ ಫೈಲು ನಿಮಗೆ ದಿನಾ ಬೇಕಾ?"

ನಾಲ್ಕನೇ ಭೇಟಿಗೆ ಬಂದಾಗ ಮುಖದಲ್ಲಿ ಸ್ವಲ್ಪ ನಗು ಇತ್ತು. ಮ್ಯಾನೇಜರ್ ಆ ಫೈಲು ತೆರೆಯುತ್ತಿದ್ದದ್ದು ಸೋಮವಾರ ಮಾತ್ರವಂತೆ. ಇನ್ನು ಅವತ್ತೊಂದೇ ದಿನ ಕಳಿಸಿದರೆ ಸಾಕಂತೆ.

ಭಾನುವಾರ ರಾತ್ರಿ ಮಾತ್ರ ಈಗಲೂ ಮೂರಕ್ಕೆ ಎಚ್ಚರವಾಗುತ್ತದೆ, ಆದರೆ ಮಂಚದಿಂದ ಇಳಿಯುವುದಿಲ್ಲ ಅಂದರು.