ಒಂದೇ ಕೂಸು, ಎರಡು ರಾಜ್ಯದ ರಿಜಿಸ್ಟರ್

ಎಲ್ಲಾ ಆನ್‌ಲೈನ್ ಆಗಿದೆಯಲ್ಲ, ಇನ್ನೂ ಯಾಕೆ ನಿಮ್ಮೂರಲ್ಲಿ ಆಶಾ ಅಕ್ಕಂದಿರು ಮಕ್ಕಳ ಲಸಿಕೆ ಬುಕ್ಕು ಹಿಡ್ಕೊಂಡು ಮನೆಮನೆ ತಿರುಗ್ತಾರೆ ಅಂತ ಕೇಳಿದ್ರಿ. ಮೊಳಕಾಲ್ಮೂರು ಸೀಮೆಗೆ ಸೊಸೆಯಾಗಿ ಬಂದವರಲ್ಲಿ ಸುಮಾರು ಜನರ ತವರು ಆಂಧ್ರದಲ್ಲಿದೆ, ಅದಕ್ಕೆ.

ನಮಗೆ ಚಿತ್ರದುರ್ಗಕ್ಕಿಂತ ಆಂಧ್ರದ ರಾಯದುರ್ಗ ಬಲು ಹತ್ತಿರ. ಹೆಣ್ಣು ಕೊಡೋದು, ತರೋದು ನಡೆದೇ ಇದೆ. ಬಸುರಿ ಅಂತ ಗೊತ್ತಾದ ಕೂಡಲೇ ತಾಯಿ ಕಾರ್ಡ್ ಮಾಡಿಸೋದು ಇಲ್ಲಿ, ಚೊಚ್ಚಲ ಹೆರಿಗೆ ಅಲ್ಲಿ, ತವರಲ್ಲಿ. ಹುಟ್ಟಿದ 24 ಗಂಟೆಯೊಳಗೆ ಹಾಕೋ ಹೆಪಟೈಟಿಸ್ ಬಿ, ಜೊತೆಗೆ ಬಿಸಿಜಿ, ಪೋಲಿಯೊ ಹನಿ ಎಲ್ಲ ಅಲ್ಲೇ. ಜನನ ನೋಂದಣಿಯೂ ಅಲ್ಲೇ. 1969ರ ಕಾಯ್ದೆ ಪ್ರಕಾರ ಮಗು ಹುಟ್ಟಿದ ಜಾಗದಲ್ಲೇ ಬರೆಸಬೇಕು. ಆಮೇಲೆ 6, 10, 14ನೇ ವಾರದ ಪೆಂಟಾ (ಐದು ರೋಗಕ್ಕೆ ಒಂದೇ ಸೂಜಿ) ಎಲ್ಲಿ ಬೀಳುತ್ತೆ ಅನ್ನೋದು ಬಾಣಂತಿಯನ್ನ ಮೂರನೇ ತಿಂಗಳಿಗೆ ಕಳಿಸ್ತಾರೋ ಐದಕ್ಕೋ ಅನ್ನೋದರ ಮೇಲಿದೆ.

ಇಲ್ಲಿನ ಬುಕ್ಕಲ್ಲಿ ಅವಳು ಇಂಥವನ ಹೆಂಡತಿ, ಗಂಡನ ಊರು, ಗಂಡನ ಫೋನ್ ನಂಬರು. ಅಲ್ಲಿ ಅಪ್ಪನ ಹೆಸರು, ತವರಿನ ಇನಿಷಿಯಲ್, ಅಣ್ಣನ ನಂಬರು. ಮಗುವಿಗಿನ್ನೂ ನಾಮಕರಣವೇ ಆಗಿರಲ್ಲ. ಕಂಪ್ಯೂಟರ್ ಲೆಕ್ಕದಲ್ಲಿ ಇಬ್ಬರು ತಾಯಂದಿರು, ಎರಡು ಮಕ್ಕಳು. ಅಲ್ಲಿ ಸೂಜಿ ಹಾಕಿಸಿಕೊಂಡ ಕೂಸಿನ ಹೆಸರು ಇಲ್ಲಿ ಡ್ಯೂ ಲಿಸ್ಟಿನಲ್ಲಿ, ಅಂದರೆ ಲಸಿಕೆ ಬಾಕಿ ಇರೋರ ಪಟ್ಟಿಯಲ್ಲಿ, ಕೂತಿರುತ್ತೆ. ಲಸಿಕೆ ಲೆಕ್ಕ ಇಡೋ ಕೇಂದ್ರದ ಆನ್‌ಲೈನ್ ವ್ಯವಸ್ಥೆ ಯು-ವಿನ್ ಬಂದ ಮೇಲೆ ಬೇರೆ ರಾಜ್ಯದಲ್ಲಿ ಹಾಕಿದ್ದೂ ಕಾಣುತ್ತೆ, ಅದು ದೊಡ್ಡ ಉಪಕಾರವೇ. ಆದರೆ ಹಳೇ ನೋಂದಣಿ ಹುಡುಕಿ ಅದರಲ್ಲೇ ಸೇರಿಸಬೇಕು. ಗುರುವಾರ ಲಸಿಕೆ ದಿನದ ಗದ್ದಲದಲ್ಲಿ, ಅಳೋ ಮಕ್ಕಳ ನಡುವೆ, ಹೊಸದಾಗಿ ಎಂಟ್ರಿ ಮಾಡೋದೇ ಸಲೀಸು.

ನನ್ನ ಕೇಳಿದರೆ ಎರಡೆರಡು ಸಲ ಬರೆದಿದ್ದು ದೊಡ್ಡ ತಪ್ಪಲ್ಲ. ಲಿಸ್ಟಿನಲ್ಲಿ ಹೆಸರಿದ್ದರೆ ಯಾರಾದರೂ ಬಂದು ಬಾಗಿಲು ತಟ್ತಾರೆ. ಎಲ್ಲೂ ಸೇರದ ಕೂಸನ್ನ ಯಾರೂ ಹುಡುಕಲ್ಲ. ಶೇಕಡಾ ನೂರು ಲಸಿಕೆ ಆಗಿದೆ ಅಂತ ವರದಿ ಬರೆಯೋಕೂ ಅಂಥ ಕೂಸು ಅಡ್ಡ ಬರಲ್ಲ. ಕುರಿಮಂದೆ ಜೊತೆ ಭದ್ರಾ ಅಚ್ಚುಕಟ್ಟಿನ ಗದ್ದೆಗಳ ಕಡೆ ಹೋದವರ ಮಕ್ಕಳು, ಕಾಫಿ ತೋಟದ ಕೂಲಿಗೆ ಹೋದವರ ಮಕ್ಕಳು ಹೀಗೇ ತಪ್ಪಿಹೋಗೋದು.

ಬುಕ್ಕು ಹಿಡಿದು ಬರೋದು ಇಂಥ ಮಕ್ಕಳಿಗಾಗಿ. ಒಳಗೆ ತೊಟ್ಟಿಲು ತೂಗ್ತಿರುತ್ತೆ, ಅಜ್ಜಿ ಮಾತ್ರ ಬಾಗಿಲಲ್ಲೇ "ನಮ್ಮನೇಲಿ ಸಣ್ಣ ಮಕ್ಕಳಿಲ್ಲ ಕಣವ್ವ" ಅಂತಾಳೆ. ಸುಳ್ಳು ಹೇಳ್ತಿಲ್ಲ. ಅದು ಆಂಧ್ರಕ್ಕೆ ಕೊಟ್ಟ ಮಗಳ ಕೂಸು, ಬೇರೆ ಮನೆಯದು, ಇವತ್ತಲ್ಲ ನಾಳೆ ಹೋಗೋದು. ಪಳಗಿದ ಆಶಾ ಮಕ್ಕಳೆಷ್ಟು ಅಂತ ಕೇಳೋದೇ ಇಲ್ಲ, "ಮಗಳು ಬಂದವಳಾ?" ಅಂತಾಳೆ. ಆಮೇಲೆ ಟ್ರಂಕಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಕಾರ್ಡು ಹೊರಗೆ ಬರುತ್ತೆ. ತೆಲುಗಿನಲ್ಲಿದ್ದರೂ ತೊಂದರೆಯಿಲ್ಲ, ಓದೋರಿಗೆ ನಮ್ಮಲ್ಲಿ ಬರವಿಲ್ಲ.

ಕಾರ್ಡೇ ಇಲ್ಲದಿದ್ದರೆ ಫಜೀತಿ. ಎಡಗೈ ತೋಳಿನ ಕಲೆ ಬಿಸಿಜಿ ಆಗಿದೆ ಅಂತಷ್ಟೇ ಹೇಳುತ್ತೆ. "ತೊಡೆಗೆ ಚುಚ್ಚಿದ್ರು, ರಾತ್ರಿಯೆಲ್ಲಾ ಜ್ವರ" ಅಂದರೆ ಪೆಂಟಾ ಇರಬಹುದು, ಎಷ್ಟನೇದು? ಆಗ ನಮ್ಮ ಸಿಸ್ಟರ್ ಆ ಕಡೆಯ ಸಿಸ್ಟರ್‌ಗೆ ಫೋನ್ ಮಾಡ್ತಾರೆ. ಕಾಯ್ತಾ ಕೂರೋ ಹಾಗಿಲ್ಲ, ಪೆಂಟಾ ಶುರು ಮಾಡೋಕೆ ಒಂದು ವರ್ಷ ತುಂಬೋವರೆಗೆ ಮಾತ್ರ ಅವಕಾಶ. ದಡಾರ-ರುಬೆಲ್ಲಾದ್ದಾದರೆ 5 ವರ್ಷದವರೆಗೂ ಹಾಕಬಹುದು.

ನೀವು ಕೂಸು ಕಟ್ಕೊಂಡು ಈ ಕಡೆ ವರ್ಗವಾಗಿ ಬರ್ತಿದ್ದೀರಿ ಅಂದ್ರಲ್ಲ, ಕಾರ್ಡಿನ ಪ್ರತಿ ಪುಟದ ಫೋಟೋ ಮೊಬೈಲಲ್ಲಿ ಇಟ್ಕೊಳ್ಳಿ. ಇಲ್ಲಿ ಯಾರು ಫೋನ್ ನಂಬರ್ ಕೇಳಿದರೂ ಮೊದಲ ಸಲ ನೋಂದಾಯಿಸಿದ ನಂಬರನ್ನೇ ಕೊಡಿ, ಹೊಸ ಸಿಮ್ಮಿನದು ಬೇಡ.